ಅಂಗೈಯಲ್ಲಿ ಟ್ಯಾಂಕು

ಮಂಡಿಪೇಟೆಯಲ್ಲಿ ಗೋಣಿಚೀಲದ ವ್ಯಾಪಾರ ಮಾಡುವ ವಾಮದೇವಪ್ಪನವರು ಐವತ್ನಾಲ್ಕು ವರ್ಷ ಬದುಕಿದ್ದರೂ ಯಾರ ಗಮನಕ್ಕೂ ಬಂದವರಲ್ಲ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕೂತು ಹೊಟ್ಟೆ ತುಂಬ ಉಂಡು ಬಂದರೆ ಮರುದಿನ ಅದೇ ಮನೆಯವರು ಫೋನ್ ಮಾಡಿ, "ಯಾಕ್ರಿ ಬರ್ಲೇ ಇಲ್ಲ?" ಎಂದು ಕೇಳುತ್ತಿದ್ದರು. ಯಾವ ಗ್ರೂಪ್ ಫೋಟೋ ತೆಗೆದರೂ ಅವರ ಮುಖದ ಮುಂದೆ ಇನ್ನೊಬ್ಬರ ಪೇಟ ಬಂದು ನಿಲ್ಲುತ್ತಿತ್ತು. ಇಂಥ ಮನುಷ್ಯ ಹರಿಹರದಲ್ಲಿ ಮುನ್ನೂರು ಜನರ ಎದುರು ಹನ್ನೆರಡು ಅಡಿ ಅಗಲದ ಪರದೆಯ ಮೇಲೆ ಮೂಡಿಬಂದರು ಅಂದರೆ ಅದಕ್ಕೆ ಕಾರಣ ಮೂರು: ಹೆಂಡತಿ ಅನ್ನಪೂರ್ಣಮ್ಮನವರ ಭಕ್ತಿ, ಹೆಂಡತಿಯ ಅಣ್ಣನ ಅವಸರ, ಮತ್ತು ಶೇಂಗಾಕಾಯಿಗಿಂತ ದೊಡ್ಡದಲ್ಲದ ಒಂದು ಯುದ್ಧದ ಟ್ಯಾಂಕು.

ಒಂದೂವರೆ ವರ್ಷದ ಹಿಂದೆ, ಗಿರಾಕಿ ಇಲ್ಲದ ಒಂದು ಮಧ್ಯಾಹ್ನ, ವಾಮದೇವಪ್ಪನವರು ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಬೆನ್ನುನೋವಿನ ಮದ್ದು ಹುಡುಕುತ್ತಿದ್ದರು. ಮದ್ದು ಸಿಗಲಿಲ್ಲ. ಬದಲಿಗೆ ಯಾವನೋ ಬಿಳಿ ಗಡ್ಡದ ಪರದೇಶದವನು ಪುಟ್ಟ ಟ್ಯಾಂಕೊಂದಕ್ಕೆ ಮಿಲಿಟರಿ ಬಣ್ಣ ಹಚ್ಚುವ ವಿಡಿಯೋ ಸಿಕ್ಕಿತು. ಮೊದಲು ಮಣ್ಣಿನ ಬಣ್ಣ, ಅದರ ಮೇಲೆ ಹಸಿರಿನ ತೇಪೆ, ಹಸಿರಿನ ಮಗ್ಗುಲಿಗೆ ಕಂದು ಪಟ್ಟೆ. ಹಚ್ಚಿ ಮುಗಿಸಿ ಅವನು ಟ್ಯಾಂಕನ್ನು ಒಂದಿಷ್ಟು ಹುಲ್ಲು ಮಣ್ಣಿನ ನಡುವೆ ಇಟ್ಟ. ಟ್ಯಾಂಕು ಕಾಣಲೇ ಇಲ್ಲ! ಹುಟ್ಟಿದಾಗಿನಿಂದ ಗೋಣಿಚೀಲದ ಒಂದೇ ಬಣ್ಣ ನೋಡಿಕೊಂಡು ಬಂದ ವಾಮದೇವಪ್ಪನವರು ಆ ವಿಡಿಯೋವನ್ನು ಹನ್ನೊಂದು ಸಲ ನೋಡಿದರು. ಬೆನ್ನುನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ವಾರದೊಳಗೆ ಲೋಹದ ಪುಟಾಣಿ ಟ್ಯಾಂಕುಗಳ ಪೊಟ್ಟಣ ಅಂಗಡಿಯ ವಿಳಾಸಕ್ಕೆ ಬಂತು. ಬಣ್ಣಕ್ಕೆ ಹರಿಹರದ ನಬೀ ಸಾಬ್ ಸಿಕ್ಕರು. ಹೆದ್ದಾರಿಯ ಪಕ್ಕದ ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ನಬೀ ಸಾಬ್ ಕೇಳಿದ ಬಣ್ಣವನ್ನು ಕೇಳಿದ ಹಾಗೆ ಕಲಸಿಕೊಡುವುದರಲ್ಲಿ ಎತ್ತಿದ ಕೈ. ಉಳಿದದ್ದು ಒಂದೇ ಪ್ರಶ್ನೆ. ಇದನ್ನು ಕೂತು ಮಾಡುವುದೆಲ್ಲಿ? ಅಂಗಡಿಯಲ್ಲಿ ಕೂತರೆ ಇಡೀ ಮಂಡಿಪೇಟೆ ನಗುತ್ತದೆ. ಮನೆಯ ಟ್ಯೂಬ್‌ಲೈಟಿನಲ್ಲಿ ಹಸಿರೂ ಕಂದೂ ಒಂದೇ ಥರ ಕಾಣುತ್ತವೆ. ಬೆಳಗಿನ ಬಿಸಿಲು ಬೀಳುವ ಕಿಟಕಿ, ಯಾರೂ ಬಂದು ಮಾತಾಡಿಸದ ಜಾಗ, ಎರಡೂ ಇದ್ದದ್ದು ದೇವರ ಮನೆಯಲ್ಲಿ ಮಾತ್ರ. ಹೀಗಾಗಿ ವಾಮದೇವಪ್ಪನವರು ದಿನಾ ಸ್ನಾನ ಮಾಡಿ, ವಿಭೂತಿ ಧರಿಸಿ, ಎರಡು ನಿಮಿಷದಲ್ಲಿ ಪೂಜೆ ಮುಗಿಸಿ, ದೇವರ ಕ್ಷಮೆ ಕೇಳಿ, ಟ್ಯಾಂಕು ಕೈಗೆತ್ತಿಕೊಳ್ಳತೊಡಗಿದರು.

ನಾಲ್ಕನೇ ಟ್ಯಾಂಕು ನಡೆದಿದ್ದಾಗ ಅನ್ನಪೂರ್ಣಮ್ಮನವರು, ನಾಷ್ಟಕ್ಕೆ ಯಾಕೆ ಇನ್ನೂ ಬರಲಿಲ್ಲವೆಂದು ಬೈಯಲು ಬಂದು ಬಾಗಿಲನ್ನು ನಾಲ್ಕು ಬೆರಳಿನಷ್ಟು ಸರಿಸಿದರು. ಬೈಗುಳ ನಾಲಿಗೆಯ ತುದಿಯಲ್ಲೇ ನಿಂತಿತು.

ಇಷ್ಟಲಿಂಗ ಪೂಜೆ ಕಂಡವರಿಗೆ ಗೊತ್ತಿದೆ. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕೈಯನ್ನು ಮುಖದ ಎದುರಿಗೆ ತಂದು, ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ಕೂರಬೇಕು. ಸಾಮಾನ್ಯರಿಗೆ ಐದು ನಿಮಿಷಕ್ಕೆ ಕೈ ಸೋಲುತ್ತದೆ, ಏಳನೇ ನಿಮಿಷಕ್ಕೆ ಮನಸ್ಸು ಅಂಗಡಿ ಬಾಗಿಲು ತೆಗೆಯಲು ಹೋಗುತ್ತದೆ. ಅನ್ನಪೂರ್ಣಮ್ಮನವರಿಗೆ ಹಿಂದಿನಿಂದ ಕಂಡದ್ದು ಮಣೆಯ ಮೇಲೆ ನೆಟ್ಟಗೆ ಕೂತ ಬೆನ್ನು, ಮೂಗಿನ ಮಟ್ಟಕ್ಕೆ ಎತ್ತಿದ ಎಡಗೈ, ಕೂದಲೆಳೆಯಷ್ಟೂ ಅಲುಗದ ಹೆಗಲು. ಬಲಗೈಯಲ್ಲಿದ್ದ ಸೂಜಿಯಂಥ ಕುಂಚ ಮೈಯ ಮರೆಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಆ ಬೆನ್ನು ನಿಟ್ಟುಸಿರು ಬಿಟ್ಟು, "ತಪ್ಪಾತು... ಛೇ, ಮತ್ತೆ ತಪ್ಪಾತಲ್ಲಪ್ಪ" ಎಂದಿತು. ಹಸಿರು ಕಂದಿನೊಳಗೆ ಹರಿದಿತ್ತು, ಅಷ್ಟೇ. ಆದರೆ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಬಾಯಿಂದ ಅಂಥ ಮಾತನ್ನು ಒಮ್ಮೆಯೂ ಕೇಳದ ಅನ್ನಪೂರ್ಣಮ್ಮನವರು ಬಾಗಿಲು ಮುಚ್ಚಿ, ಸೆರಗಿನಿಂದ ಕಣ್ಣೊರಸಿಕೊಂಡು ಅಡಿಗೆ ಮನೆಗೆ ಹೋದರು.

ಅಂದಿನಿಂದ ಮನೆಯ ಹವಾಮಾನ ಬದಲಾಯಿತು. ಗಂಡ ದೇವರ ಮನೆ ಸೇರಿದ ಕೂಡಲೇ ಅನ್ನಪೂರ್ಣಮ್ಮನವರು ಬೆಳಗಿನ ಟೀವಿ ಬಂದ್ ಮಾಡಿದರು. ಕುಕ್ಕರಿನ ಸೀಟಿಗೆ ಬಟ್ಟೆ ಹೊದಿಸಿದರು. ಎದುರು ಮನೆಯ ಉಡಚಮ್ಮನಿಗೆ ಸುದ್ದಿ ಹೇಳಿದರು. ಉಡಚಮ್ಮನಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ. ಓಣಿಗೆ ಬರುವ ತರಕಾರಿಯವನು ದನಿ ತಗ್ಗಿಸಿ ಕೂಗತೊಡಗಿದ.

ವಾಮದೇವಪ್ಪನವರಿಗೆ ಇದ್ಯಾವುದೂ ತಿಳಿಯದು. ತಟ್ಟೆಗೆ ಮೂರನೇ ದೋಸೆ ಕೇಳದೇ ಬೀಳುತ್ತಿದೆ, ಅದರ ಮೇಲೆ ಬೆಣ್ಣೆ ದೊಡ್ಡದಾಗಿದೆ, ಇಷ್ಟು ಮಾತ್ರ ಗೊತ್ತು. ಕಾರಣ ತಿಳಿದದ್ದು ಉಡಚಮ್ಮ ಬಾಗಿಲಲ್ಲಿ ಅಡ್ಡಗಟ್ಟಿ ನಿಂತಾಗ.

"ಅಲ್ರಿ ವಾಮದೇವಣ್ಣಾರೆ, ಒಂದೂವರೆ ತಾಸು ಅಂಗೈ ನೋಡ್ಕೆಂತ ಕುಂದ್ರುತೀರಂತೆ. ಕಣ್ಣಾಗೆ ನೀರು ಬರಲ್ವಾ?"

"ಬರ್ತಾವೆ," ಎಂದರು ವಾಮದೇವಪ್ಪನವರು, ಪ್ರಾಮಾಣಿಕವಾಗಿ. ಬಣ್ಣ ತೆಳು ಮಾಡುವ ಥಿನ್ನರಿನ ವಾಸನೆಗೆ ನೀರು ಬಂದೇ ಬರುತ್ತಿತ್ತು.

"ಭಕ್ತಿ ಅಂದ್ರೆ ಇದು! ನಮ್ಮ ಮನ್ಯಾಗೂ ಒಬ್ರು ಅದಾರೆ. ಒಂದು ಕೈಯಾಗೆ ಗಂಟಿ ಬಾರ್ಸ್ತಾ ಇನ್ನೊಂದ್ರಾಗೆ ಹಲ್ಲುಜ್ತಾರೆ."

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಹಿಂದೆ ನಿಂತಿದ್ದ ಅನ್ನಪೂರ್ಣಮ್ಮನವರ ಮುಖ ಕಂಡಿತು. ಮದುವೆಯಾದಾಗಿನಿಂದ ಆ ಮುಖ ಬೇರೆಯವರ ಗಂಡಂದಿರನ್ನು ಹೊಗಳುವುದನ್ನು ನೋಡಿದ್ದರು. ಇವತ್ತು ಅದು ತಮ್ಮ ಕಡೆ ತಿರುಗಿ ಬೆಳಗುತ್ತಿತ್ತು. ವಾಮದೇವಪ್ಪನವರು ಬಾಯಿ ಮುಚ್ಚಿದರು. ಆ ಮುಖ ಮತ್ತೆ ಮಂಕಾದರೆ ಏನು ಗತಿ ಎಂಬ ಭಯ ಅವತ್ತು ಎದೆಗೆ ಹೊಕ್ಕದ್ದು, ಮುಂದೆ ಒಂದು ದಿನವೂ ಬಿಟ್ಟು ಹೋಗಲಿಲ್ಲ. ಥಿನ್ನರಿನ ವಾಸನೆ ಹೊರಗೆ ಬರದಂತೆ ಒಂದರ ಮೇಲೊಂದು ಊದಿನಕಡ್ಡಿ ಹಚ್ಚಿದರು. ಅದರಿಂದ ಭಕ್ತಿಯ ಹೆಸರು ಇನ್ನಷ್ಟು ಹರಡಿತು.

ಹೆಸರು ಹದಿನಾಲ್ಕು ಕಿಲೋಮೀಟರು ದಾಟಿ ಹರಿಹರ ಮುಟ್ಟಲು ವರ್ಷದ ಮೇಲೆ ಹಿಡಿಯಿತು. ಅಲ್ಲಿ ಅನ್ನಪೂರ್ಣಮ್ಮನವರ ಅಣ್ಣ ಕೊಟ್ಟೂರೇಶ್ ಇದ್ದರು. ಮಲೆಬೆನ್ನೂರು ಕಡೆಯ ಭತ್ತ ಕೊಂಡು ಮಾರುವ ಕೆಲಸ, ಸಮಾಜದ ಭವನದ ಕಾರ್ಯದರ್ಶಿ ಪದವಿ, ಮೈಕಿಲ್ಲದಿದ್ದರೂ ಮೈಕಿನ ದನಿ. ತಂಗಿಯ ಗಂಡ 'ಯಾತಕ್ಕೂ ಬಾರದ ಮನುಷ್ಯ' ಎಂಬುದು ಅವರ ಹಳೆಯ ತೀರ್ಮಾನ. ಸುದ್ದಿ ನಂಬದೆ ಒಂದು ಬೆಳಿಗ್ಗೆ ಕಾರು ಹಾಕಿಕೊಂಡು ಖುದ್ದಾಗಿ ಬಂದರು. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು, ಕೈಯಲ್ಲಿ ಮೊಬೈಲಿನ ಗಡಿಯಾರ ಹಿಡಿದು ನಿಂತರು.

ಒಳಗೆ ವಾಮದೇವಪ್ಪನವರು ಟ್ಯಾಂಕಿನ ಮೇಲ್ಭಾಗದ ಗುಂಡುತಲೆಗೆ ಕಂದು ಪಟ್ಟೆ ಎಳೆಯುತ್ತಿದ್ದರು. ಉಸಿರು ಬಿಟ್ಟರೆ ಪಟ್ಟೆ ಹಾಳು.

"ಹದಿನೆಂಟು ನಿಮಿಷ!" ಎಂದು ಕೊಟ್ಟೂರೇಶ್ ತಂಗಿಯ ಕಿವಿಯಲ್ಲಿ ಕೂಗಿದರು. "ಹೆಗಲು ಅಲುಗಿಲ್ಲ ಕಣವ್ವ. ನಾನು ಉಸಿರಾಟಾನೇ ಎಣಿಸ್ದೆ. ನಂದು ಜಾಸ್ತಿ ಆತು, ಅವರದು ಕಡಿಮಿ!"

ನಾಷ್ಟ ಮಾಡುವಾಗ ಅವರು ತಂಗಿಯ ಗಂಡನ ಎರಡೂ ಕೈ ಹಿಡಿದುಕೊಂಡರು. "ಭಾವ್ನೋರೆ, ನಾನು ನಿಮ್ಮನ್ನ ಏನೋ ಅನ್ಕಂಡಿದ್ದೆ. ಹೊಟ್ಟಿಗೆ ಹಾಕ್ಕಳ್ರಿ. ಬರೋ ಶ್ರಾವಣ ಸೋಮವಾರ ನಮ್ಮ ಭವನದಾಗೆ ಸಾಮೂಹಿಕ ಪೂಜಿ ಐತೆ. ಮುನ್ನೂರು ಮಂದಿ. ವೇದಿಕಿ ಮ್ಯಾಲೆ ನಡುವೆ ನೀವು ಕುಂದ್ರಬೇಕು. ನಿಮ್ಮನ್ನ ನೋಡ್ಕೆಂಡು ಜನ ಮಾಡ್ತಾರೆ."

ವಾಮದೇವಪ್ಪನವರು ಕೈ ಬಿಡಿಸಿಕೊಂಡರು. "ನಂಗೆ... ನಂಗೆ ಮಂದಿ ಮುಂದೆ ಆಗಲ್ಲ..."

"ನೋಡವ್ವ, ಎಷ್ಟು ವಿನಯ! ಹಿಂದಿನ ಸಾಲಿಗೂ ಕಾಣಲಿ ಅಂತ ದೊಡ್ಡ ಎಲ್‌ಇಡಿ ಪರದಿ ಹಾಕಿಸ್ತಿದೀನಿ. ನಿಮ್ಮ ಅಂಗೈ ಇಷ್ಟಗಲ ಕಾಣ್ತೈತೆ!" ಎಂದು ಕೊಟ್ಟೂರೇಶ್ ಎರಡೂ ತೋಳು ಚಾಚಿದರು. ಒಂದು ತೋಳು ಚಟ್ನಿ ಬಟ್ಟಲಿಗೆ ಬಡಿಯಿತು.

ಮರುದಿನವೇ ವಾಮದೇವಪ್ಪನವರು ಹರಿಹರದ ಬಸ್ಸು ಹತ್ತಿ ನಬೀ ಸಾಬರ ಶೆಡ್ಡಿಗೆ ಓಡಿದರು. ಗುಟ್ಟು ಗೊತ್ತಿದ್ದ ಮನುಷ್ಯ ಲೋಕದಲ್ಲಿ ಅವರೊಬ್ಬರೇ. ನಬೀ ಸಾಬ್ ಒಂದು ಲಾರಿಯ ಹಿಂಬದಿಗೆ ನವಿಲು ಬರೆಯುತ್ತ ಪೂರ್ತಿ ಕೇಳಿದರು. ಕೇಳಿ ಮುಗಿಸಿದಾಗ ನವಿಲಿನ ಕುತ್ತಿಗೆ ನಗುವಿನಿಂದ ಒಂದು ಕಡೆ ವಾಲಿತ್ತು.

"ನಗಬ್ಯಾಡ್ರಿ ನಬೀ ಸಾಬ್ರೇ. ನನ್ನ ಜೀವ ಹೋಗ್ತೈತೆ."

"ಅರೆ ವಾಮದೇವಣ್ಣ, ಇದರಾಗೇನು ಪರೇಶಾನಿ? ಬರೇ ಕಬ್ಬಿಣದ ತುಂಡು ಒಂದೂವರೆ ತಾಸು ನೋಡಿದೋರು ನೀವು. ದೇವರನ್ನ ಅರ್ಧ ತಾಸು ನೋಡಕ್ಕಾಗಲ್ವಾ? ಅವತ್ತೊಂದಿನ ಖರೇನೇ ಪೂಜಾ ಮಾಡ್ರಿ. ಮುಗೀತು."

ಇಷ್ಟು ಸರಳವಾದ ದಾರಿ ವಾಮದೇವಪ್ಪನವರಿಗೆ ಹೊಳೆದೇ ಇರಲಿಲ್ಲ. ಜ್ವರ ಬರಿಸಿಕೊಳ್ಳುವುದು, ಕಾಲು ಮುರಿದುಕೊಳ್ಳುವುದು, ಶ್ರೀಶೈಲಕ್ಕೆ ಹೋಗಿಬಿಡುವುದು, ಇಷ್ಟನ್ನೇ ಯೋಚಿಸಿದ್ದರು.

"ಇನ್ನೊಂದು ಮಾತು," ಎಂದರು ನಬೀ ಸಾಬ್, ಈಗ ನಗದೆ. "ಆ ಪರದೆ, ಕ್ಯಾಮೆರಾ, ಎಲ್ಲಾ ನಮ್ಮ ಹುಮಾಂದು. ನನ್ನ ಮಗಳು. ಭವನದ ಕೆಲಸ ಇದೇ ಮೊದಲ್ನೇದು. ಹೆಣ್ಮಗಳ ಕೈಗೆ ಯಾಕ ಅಂತ ನಿಮ್ಮ ಕೊಟ್ಟೂರೇಶಣ್ಣ ಬಾಳ ಹಿಂದೆ ಮುಂದೆ ನೋಡಿ ಒಪ್ಯಾರೆ. ಇದು ಚಲೋ ಆದ್ರೆ ವರ್ಷಪೂರ್ತಿ ಅಲ್ಲಿ ಮದುವಿ ಅವಳಿಗೇ. ಸ್ವಲ್ಪ ಕೈ ನೆಟ್ಟಗೆ ಹಿಡೀರಿ, ಅಷ್ಟೇ."

ವಾಮದೇವಪ್ಪನವರು ಮಾತು ಕೊಟ್ಟು ಹಗುರಾಗಿ ಮನೆಗೆ ಬಂದರು. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಅವರಿಗೆ ಮೂವತ್ತೇಳನೇ ಟ್ಯಾಂಕು ಅರ್ಧಕ್ಕೇ ನಿಂತಿದೆ ಎಂಬುದು ನೆನಪಾಯಿತು. ಶನಿವಾರ ಒಂದು ಬೆಳಿಗ್ಗೆ ಕೂತರೆ ಮುಗಿಯುತ್ತದೆ, ಆಮೇಲೆ ಸೋಮವಾರದವರೆಗೆ ಕುಂಚ ಮುಟ್ಟುವುದಿಲ್ಲ ಎಂದು ತಮಗೆ ತಾವೇ ಆಣೆ ಹಾಕಿಕೊಂಡು ಕೂತರು.

ಟ್ಯಾಂಕು ಮುಗಿದು ಬಣ್ಣ ಇನ್ನೂ ಹಸಿಯಿದ್ದಾಗ ಬಾಗಿಲು ದಡಾರನೆ ತೆರೆಯಿತು. "ಏನ್ರೀ, ಸೋಮವಾರಕ್ಕೆ ಪೂಜಿ ಸಾಮಾನೆಲ್ಲ ಬೆಳಗಿಡ್ತೀನಿ, ಹಿತ್ತಾಳೆದೆಲ್ಲ ಕೊಡ್ರಿ," ಎನ್ನುತ್ತ ಅನ್ನಪೂರ್ಣಮ್ಮನವರೂ, ಸಹಾಯಕ್ಕೆಂದು ಬಂದಿದ್ದ ಉಡಚಮ್ಮನೂ ಒಳಗೆ ಬಂದೇಬಿಟ್ಟರು. ವಾಮದೇವಪ್ಪನವರು ಕುಂಚವನ್ನು ಪಂಚೆಯ ನೆರಿಗೆಗೆ ಸಿಕ್ಕಿಸಿದರು, ಬಣ್ಣದ ಡಬ್ಬಿಗಳ ಮೇಲೆ ಮಣೆ ಮಗುಚಿದರು, ಎಡಗೈಯಲ್ಲಿದ್ದ ಟ್ಯಾಂಕನ್ನು ಹತ್ತಿರವಿದ್ದ ವಿಭೂತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಡಬ್ಬಿಯ ತುಂಬ ವಿಭೂತಿ ಪುಡಿಯಿತ್ತು. ಟ್ಯಾಂಕು ಸದ್ದಿಲ್ಲದೆ ಮುಳುಗಿತು.

ಇದಿಷ್ಟೂ ಎರಡು ಕ್ಷಣದಲ್ಲಿ ನಡೆದದ್ದು. ಆ ಗಾಬರಿಯಲ್ಲಿ ಮೂರನೆಯ ಕೆಲಸ ವಾಮದೇವಪ್ಪನವರ ತಲೆಯಿಂದ ಪೂರ್ತಿ ಅಳಿಸಿಹೋಯಿತು. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಡಬ್ಬಿ ಮುಚ್ಚಳ ತೆಗೆಯದೆಯೇ ಆಗಲೇ ಅನ್ನಪೂರ್ಣಮ್ಮನವರ ಸೋಮವಾರದ ಚೀಲ ಸೇರಿತ್ತು. ಅಂದು ಸಂಜೆ ಟ್ಯಾಂಕುಗಳನ್ನು ಬಚ್ಚಿಟ್ಟಿದ್ದ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಇಳಿಸಿ ನೋಡುತ್ತಾರೆ, ಮೂವತ್ತಾರೇ ಇವೆ. ಭಾನುವಾರವಿಡೀ ಹುಡುಕಿದರು. ಚಪ್ಪಲಿ ಜಾಡಿಸಿದರು. ದಿಂಬು ಹಿಸುಕಿದರು. ಅಂಗಡಿಗೆ ಹೋಗಿ ಇನ್ನೂರು ಗೋಣಿಚೀಲ ಬಿಚ್ಚಿ ಕೊಡವಿದರು. ಮಧ್ಯಾಹ್ನ ಸಾರಿನ ಪಾತ್ರೆಗೆ ಸೌಟು ಹಾಕಿ ತಳದಲ್ಲಿ ತಡಕಾಡಿ ನೋಡುತ್ತಿದ್ದಾಗ ಅನ್ನಪೂರ್ಣಮ್ಮನವರ ಕಣ್ಣಿಗೆ ಬಿದ್ದರು.

"ಏನೋ ಹುಡುಕ್ತಾ ಅದಾರೆ ಉಡಚಮ್ಮ, ನಿನ್ನೆಯಿಂದ," ಎಂದು ಅವರು ಎದುರು ಮನೆಗೆ ಹೋಗಿ ಪಿಸುಗುಟ್ಟಿದರು. "ಕೇಳಿದ್ರೆ ಏನಿಲ್ಲ ಅಂತಾರೆ."

"ಕೇಳಬ್ಯಾಡ್ರಿ," ಎಂದಳು ಉಡಚಮ್ಮ ಗಂಭೀರವಾಗಿ. "ಅಂಥೋರು ತಮ್ಮನ್ನ ತಾವೇ ಹುಡುಕ್ತಿರ್ತಾರ."

ಸೋಮವಾರ ಬೆಳಗಿನ ಏಳು ಗಂಟೆಗೆ ಹರಿಹರದ ಭವನ ತುಂಬಿತ್ತು. ವೇದಿಕೆಯ ನಡುವೆ ಮಣೆ, ಮಣೆಯ ಮೇಲೆ ಹೊಸ ಪಂಚೆಯ ವಾಮದೇವಪ್ಪನವರು, ಎದುರಿಗೆ ಅನ್ನಪೂರ್ಣಮ್ಮನವರು ಬೆಳಗಿ ಜೋಡಿಸಿದ ಪೂಜೆಯ ಸಾಮಾನು, ಅಂಗಿಯಿಲ್ಲದ ಮೈಮೇಲಿನ ಶಲ್ಯಕ್ಕೆ ಸಿಕ್ಕಿಸಿದ ಪುಟ್ಟ ಮೈಕು. ಬೆನ್ನ ಹಿಂದೆ ಗೋಡೆಯಷ್ಟು ದೊಡ್ಡ ಪರದೆ. ಕೆಳಗೆ ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯ ಅನ್ನಪೂರ್ಣಮ್ಮನವರು, ಅವರ ಪಕ್ಕ ಊರಿಗೇ ಹಿರಿಯಳಾದ, ತೊಂಬತ್ತರ ಹತ್ತಿರದ ಕರಿಯವ್ವ. ನಡುದಾರಿಯಲ್ಲಿ ಕ್ಯಾಮೆರಾ ಹಿಡಿದ ಹುಮಾ. ಅವಳು ನಮಸ್ಕಾರ ಎನ್ನುವಂತೆ ತಲೆಯಾಡಿಸಿದಳು. ವಾಮದೇವಪ್ಪನವರಿಗೆ ಚಿಂತೆ ಎರಡು. ಕಾಣೆಯಾದ ಟ್ಯಾಂಕು ಒಂದು ಕಡೆ, ಎಣಿಸಲಾಗದಷ್ಟು ಕಣ್ಣುಗಳು ಇನ್ನೊಂದು ಕಡೆ.

"ಎಲ್ಲರೂ ಎಡಗೈ ಮುಂದ್ಕೆ ಹಿಡೀರಿ," ಎಂದು ಕೊಟ್ಟೂರೇಶ್ ಮೈಕಿನಲ್ಲಿ ಗುಡುಗಿದರು. "ಮೊದಲು ವಿಭೂತಿ ಹಚ್ಕಬೇಕು. ನಮ್ಮ ಭಾವ್ನೋರನ್ನ ನೋಡ್ಕೆಂಡು ಮಾಡ್ರಿ. ಹುಮಾ, ಅಂಗೈ ತೋರ್ಸವ್ವ."

ವಾಮದೇವಪ್ಪನವರ ಎಡ ಅಂಗೈ ಪರದೆಯ ಮೇಲೆ ಬಂದಿತು, ಒಂದೊಂದು ಗೆರೆಯೂ ಹೊಲದ ಬದುವಿನಷ್ಟು ದಪ್ಪ. ಅವರು ಬಲಗೈಯ ಮೂರು ಬೆರಳು ವಿಭೂತಿ ಡಬ್ಬಿಗೆ ಇಳಿಸಿದರು. ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತು. ಅದಕ್ಕೆ ಒಂದು ನಳಿಕೆಯೂ ಇತ್ತು.

ಎಲ್ಲವೂ ನೆನಪಾಯಿತು. ಬೆರಳು ಹಿಂದಕ್ಕೆ ಎಳೆದುಕೊಂಡರು. ನಳಿಕೆ ಹವಳದ ಉಂಗುರದ ಸಂದಿಗೆ ಸಿಕ್ಕಿ ಟ್ಯಾಂಕೂ ಜೊತೆಗೇ ಎದ್ದು ಬಂತು, ಒಂದು ಕ್ಷಣ ಜೋತಾಡಿತು, ಚಾಚಿದ ಎಡ ಅಂಗೈಯ ಮೇಲೆ ಬಿತ್ತು.

ಪರದೆಯ ಮೇಲೆ ಹನ್ನೆರಡು ಅಡಿಯ ಯುದ್ಧದ ಟ್ಯಾಂಕು ಕಾಣಿಸಿಕೊಂಡಿತು. ಶನಿವಾರ ಹಸಿಯಿದ್ದ ಬಣ್ಣಕ್ಕೆ ವಿಭೂತಿ ಮೆತ್ತಿ, ಹಿಮದಲ್ಲಿ ಹೊರಟಂತೆ ಬೆಳ್ಳಗಿತ್ತು.

ಹಿಂದಿನಿಂದ ಯಾರೋ, "ಯಾರ್ರೀ ಅದು, ನ್ಯೂಸ್ ಚಾನಲ್ ಹಾಕಿದ್ದು?" ಎಂದರು. ಇನ್ಯಾರೋ, "ಸುಮ್ನಿರ್ರಿ, ಬ್ರೇಕಿಂಗ್ ನ್ಯೂಸ್ ಇರ್ಬೇಕು," ಎಂದರು.

"ಯುದ್ಧ ಬಂತೇನಪ್ಪ?" ಕರಿಯವ್ವ ಕೋಲೂರಿ ಎದ್ದು ನಿಂತಳು. "ಎಲ್ಲಿಗಂಟ ಬಂದೈತೆ? ನಮ್ಮ ಹೊಳಿ ದಾಟೈತಾ?"

"ಕಾಶ್ಮೀರದ್ದು ಯವ್ವಾ, ಹಿಮ ನೋಡು. ಬಾಳ ದೂರ."

ಅಷ್ಟರಲ್ಲಿ ವಾಮದೇವಪ್ಪನವರ ಕೈ ನಡುಗತೊಡಗಿತು. ಪರದೆಯ ಮೇಲಿನ ಟ್ಯಾಂಕು ಅಲುಗಿತು. ಮೆಲ್ಲಗೆ ಮುಂದಕ್ಕೆ ಜಾರಿತು.

"ಹೊಂಟಿತು! ಹೊಂಟಿತು!" ಎಂದು ಇಡೀ ಭವನ ಕೂಗಿತು. ಹಿಂದಿನ ಸಾಲು ಚಪ್ಪಲಿಯ ಕಡೆ ಸರಿಯಿತು. ಒಬ್ಬರು ಮನೆಗೆ ಫೋನ್ ಮಾಡಿ ಗಾಡಿಗೆ ಪೆಟ್ರೋಲ್ ತುಂಬಿಸಿಡಲು ಹೇಳಿದರು.

ವಾಮದೇವಪ್ಪನವರು ಮಾಡಬಹುದಾಗಿದ್ದ ಒಂದೇ ಕೆಲಸ ಮಾಡಿದರು. ಮುಷ್ಟಿ ಮುಚ್ಚಿದರು. ಪರದೆಯ ಮೇಲೆ ಟ್ಯಾಂಕು ಹೋಗಿ ಬೆರಳು ಬಂದವು. ಜನ ನಿಟ್ಟುಸಿರು ಬಿಟ್ಟು ಕೂತರು. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಕೊಟ್ಟೂರೇಶ್ ವೇದಿಕೆಯ ಅಂಚಿಗೆ ಬಂದರು.

"ಏ ಹುಮಾ! ಪೂಜಿ ತೋರ್ಸು ಅಂದ್ರೆ ಸಿನಿಮಾ ತೋರ್ಸ್ತೀಯಾ? ಮಂದಿ ಎದಿ ಒಡದು ಸತ್ತಿದ್ರೆ? ಅದಕ್ಕೇ ನಾನು ಅವತ್ತೇ ಹೇಳ್ದೆ, ಹೆಣ್ಮಕ್ಕಳ ಕೈಗೆ ಇಂಥವೆಲ್ಲ ಬ್ಯಾಡ ಅಂತ. ಸುತ್ತು, ಸುತ್ತು ನಿನ್ನ ವೈರು. ಇನ್ನೊಂದ್ಸಲ ಈ ಭವನದ ಮೆಟ್ಲು ಹತ್ತಬ್ಯಾಡ."

ಹುಮಾಳಿಗೆ ಕ್ಯಾಮೆರಾದಲ್ಲಿ ಎಲ್ಲ ಕಂಡಿತ್ತು. ಅದು ಪುಟ್ಟ ಆಟಿಕೆ ಟ್ಯಾಂಕು, ಅಂಕಲ್ ಕೈಯಲ್ಲೇ ಇದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ವಾಮದೇವಪ್ಪನವರ ಕಡೆ ಒಮ್ಮೆ ನೋಡಿದಳು, ಅನ್ನಪೂರ್ಣಮ್ಮನವರ ಕಡೆ ಒಮ್ಮೆ ನೋಡಿದಳು. ತುಟಿ ಬಿಗಿಹಿಡಿದು, ಬಗ್ಗಿ, ವೈರು ಸುತ್ತತೊಡಗಿದಳು.

ಜೀವಮಾನವಿಡೀ ಯಾರ ಕಣ್ಣಿಗೂ ಬೀಳದೆ ಬದುಕಿದ ಮನುಷ್ಯನಿಗೆ ಇನ್ನು ಅರ್ಧ ನಿಮಿಷ ಹಾಗೇ ಕೂರುವುದು ಕಷ್ಟವಿರಲಿಲ್ಲ. ವಾಮದೇವಪ್ಪನವರು ಹೆಂಡತಿಯ ಮುಖ ನೋಡಿದರು. ಅದು ಇನ್ನೂ ಬೆಳಗುತ್ತಿತ್ತು. ಅವರಿಗೆ ಅಳು ಬಂತು. ಎದ್ದು ನಿಂತರು.

"ನ್ಯೂಸ್ ಅಲ್ಲ," ಎಂದರು. ಶಲ್ಯದ ಮೈಕು ಅದನ್ನು ಭವನದ ಮೂಲೆ ಮೂಲೆಗೂ ಮುಟ್ಟಿಸಿತು. "ಆ ಹುಡುಗಿ ತಪ್ಪಿಲ್ಲ. ಅದು ನನ್ನ ಕೈ."

ಮುಷ್ಟಿ ಬಿಚ್ಚಿದರು. ಹುಮಾ ವೈರು ಬಿಟ್ಟು ಕ್ಯಾಮೆರಾ ಎತ್ತಿದಳು. ಟ್ಯಾಂಕು ಮತ್ತೆ ಪರದೆ ತುಂಬ ನಿಂತಿತು.

"ನಂದೇ ಟ್ಯಾಂಕು. ನಾನೇ ಬಣ್ಣ ಹಚ್ಚಿದ್ದು. ಒಂದೂವರೆ ವರ್ಷ ಆತು. ದೇವರ ಮನ್ಯಾಗೆ ಕುಂತು ಇದನ್ನೇ ಮಾಡ್ತೀನಿ. ಪೂಜಿ... ಪೂಜಿ ಎರಡೇ ನಿಮಿಷ." ಸ್ವಲ್ಪ ತಡೆದು, ನ್ಯಾಯವಾಗಿ ಇರಬೇಕೆಂದು, "ಸೋಮವಾರ ಮೂರು," ಎಂದು ಸೇರಿಸಿದರು.

ಕೊಟ್ಟೂರೇಶ್ ಜೀವನದಲ್ಲಿ ಮೊದಲ ಸಲ ಮೈಕನ್ನು ತಾವಾಗಿಯೇ ಕೆಳಗಿಟ್ಟರು. ಮುನ್ನೂರು ಜನ ಪರದೆಯನ್ನೊಮ್ಮೆ, ಅಂಗೈಯನ್ನೊಮ್ಮೆ ನೋಡಿದರು. ಅನ್ನಪೂರ್ಣಮ್ಮನವರು ಯಾವುದನ್ನೂ ನೋಡದೆ ಮಡಿಲಲ್ಲಿದ್ದ ಕೈ ನೋಡಿಕೊಂಡರು.

"ಹಂಗಾರೆ ಯುದ್ಧ ಬಂದಿಲ್ವಾ?" ಎಂದಳು ಕರಿಯವ್ವ.

"ಇಲ್ಲ ಯವ್ವಾ," ಎಂದರು ವಾಮದೇವಪ್ಪನವರು.

"ಮತ್ಯಾಕ ಅಳ್ತೀಯೋ? ಕೂಡ್ರು. ಪೂಜಿ ಮುಗ್ಸು. ಅಲ್ಲಿ ಉಪ್ಪಿಟ್ಟು ಆರ್ತೈತೆ. ಏ ಹುಡುಗಿ, ವೈರು ಬಿಚ್ಚು."

ಕರಿಯವ್ವನ ಮಾತು ಮೀರುವ ಧೈರ್ಯ ಹರಿಹರದಲ್ಲಿ ಯಾರಿಗೂ ಇರಲಿಲ್ಲ, ಕಾರ್ಯದರ್ಶಿಗಳಿಗಂತೂ ಮೊದಲೇ ಇಲ್ಲ. ಹುಮಾ ವೈರು ಬಿಚ್ಚಿದಳು. ವಾಮದೇವಪ್ಪನವರು ಟ್ಯಾಂಕನ್ನು ಕರವಸ್ತ್ರಕ್ಕೆ ಕಟ್ಟಿಟ್ಟು, ವಿಭೂತಿ ಹಚ್ಚಿಕೊಂಡು, ಅರ್ಧ ತಾಸು ಖರೇ ಪೂಜೆ ಮಾಡಿದರು. ಪರದೆಯ ಮೇಲೆ ಅವರ ಕೈ ಅರ್ಧ ತಾಸೂ ಗಡಗಡ ನಡುಗಿತು. ಯಾರೂ ನಗಲಿಲ್ಲ, ಏಕೆಂದರೆ ಕೆಳಗೆ ಎಲ್ಲರ ಕೈಯೂ ನಡುಗುತ್ತಿತ್ತು.

ಉಪ್ಪಿಟ್ಟು ತಿನ್ನದೆ ಗಂಡಹೆಂಡಿರು ಬಸ್ಸು ಹತ್ತಿದರು. ಅನ್ನಪೂರ್ಣಮ್ಮನವರು ಕಿಟಕಿಯ ಪಕ್ಕ ಕೂತು ಹೊರಗೆ ನೋಡತೊಡಗಿದರು. ವಾಮದೇವಪ್ಪನವರು ಬೈಗುಳಕ್ಕೆ ಕಾದರು. ಬೈಗುಳ ಅಭ್ಯಾಸವಿತ್ತು, ಬಂದರೆ ಸಮಾಧಾನವಾಗುತ್ತಿತ್ತು. ಹರಿಹರ ದಾಟಿತು, ಎರಡು ಸ್ಟಾಪು ದಾಟಿದವು, ಬೈಗುಳ ಬರಲಿಲ್ಲ.

"ಎಷ್ಟಾದವು?" ಎಂದರು ಅನ್ನಪೂರ್ಣಮ್ಮನವರು ಕೊನೆಗೆ, ಮುಖ ತಿರುಗಿಸದೆ.

"ಯಾವು?"

"ಟ್ಯಾಂಕು."

"ಮೂವತ್ತೇಳು."

"ಮೂವತ್ತೇಳು," ಎಂದು ಅವರು ನಿಧಾನವಾಗಿ ಹೇಳಿಕೊಂಡರು. "ಮೂವತ್ತೇಳರಾಗೆ ಒಂದನ್ನಾರ ನಂಗೆ ತೋರ್ಸಬೇಕು ಅನ್ನಿಸ್ಲಿಲ್ವೇನ್ರಿ?"

ವಾಮದೇವಪ್ಪನವರು ಬಾಯಿಗೆ ಬಂದದ್ದು ಹೇಳಿದರು. "ಅದು... ಆ ಬಣ್ಣ ಹಚ್ಚೋದೇ ಕಾಣಬಾರದು ಅಂತ, ಅನ್ನಪೂರ್ಣಾ. ವೈರಿ ಕಣ್ಣಿಗೆ."

ಅನ್ನಪೂರ್ಣಮ್ಮನವರು ಈಗ ತಿರುಗಿದರು. ಕಣ್ಣು ತುಂಬಿತ್ತು.

"ನಾನು ವೈರಿ ಏನ್ರಿ?"

ಬಸ್ಸು ಒಂದು ಗುಂಡಿ ಹಾರಿತು. ಮುಂದೆ ಯಾರದೋ ಹಾಲಿನ ಕ್ಯಾನು ಉರುಳಿತು. ವಾಮದೇವಪ್ಪನವರಿಗೆ ಮುನ್ನೂರು ಜನರ ಮುಂದೆ ಆಗದಷ್ಟು ನಾಚಿಕೆ ಈಗ ಆಯಿತು. ಕರವಸ್ತ್ರದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಟ್ಯಾಂಕನ್ನು ಹೆಂಡತಿಯ ಅಂಗೈಯ ಮೇಲೆ ಇಟ್ಟರು.

ಅನ್ನಪೂರ್ಣಮ್ಮನವರು ಊದಿದರು. ಒಂದಿಷ್ಟು ವಿಭೂತಿ ಹಾರಿ ಹಸಿರು ಕಂಡಿತು, ಅದರ ಮಗ್ಗುಲಿಗೆ ಕಂದು, ಕೆಳಗೆ ಮಣ್ಣಿನ ಬಣ್ಣ. ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಬಸ್ಸು ಒಂದು ಮೈಲಿ ಹೋಗುವವರೆಗೂ ನೋಡಿದರು.

"ಇದಕ್ಕೆ ಬಾಗ್ಲು ಎಲ್ಲೈತೆ?" ಎಂದರು. "ಒಳಗೆ ಹೋಗೋರು ಹೆಂಗೆ ಹೋಗ್ತಾರೆ?"

ವಾಮದೇವಪ್ಪನವರು ಸರಿದು ಹತ್ತಿರ ಕೂತು, ಕಿರುಬೆರಳಿನ ಉಗುರಿನಿಂದ ಟ್ಯಾಂಕಿನ ನೆತ್ತಿಯ ಮೇಲಿದ್ದ ಸಾಸಿವೆಯಷ್ಟು ಮುಚ್ಚಳವನ್ನು ತೋರಿಸಿದರು.